ಯಾರಿಗೆ ‘ನೀನು’, ಯಾರಿಗೆ ‘ನೀವು’?

ತುಂಗಾತೀರ:
ಇಲ್ಲಿ ಎಲ್ಲ ಜಿಲ್ಲೆಯವರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದು ಸುಲಭದ ಮಾತು. ಹಿರಿಯರಿಗೆ, ಪರಿಚಯ ಇಲ್ಲದವರಿಗೆ ಬಹುವಚನ. ಕಿರಿಯರಿಗೆ, ತೀರಾ ಹತ್ತಿರದವರಿಗೆ ಏಕವಚನ. ಆದರೆ ನಮ್ಮ ರಸ್ತೆಗಳಲ್ಲಿ ನಡೆಯುತ್ತಿರುವುದು ಬೇರೆ. ಐವತ್ತೈದು ದಾಟಿದ ಪೌರಕಾರ್ಮಿಕ ಹೆಂಗಸಿಗೆ ಕಾಲೇಜು ಹುಡುಗ ‘ಏಯ್, ಬಾ ಇಲ್ಲಿ, ಇದನ್ನೂ ತಗೊಂಡು ಹೋಗು’ ಅನ್ನುತ್ತಾನೆ. ಅದೇ ಹುಡುಗ ಬ್ಯಾಂಕಿಗೆ ಹೋದರೆ ತನ್ನ ಅಣ್ಣನ ವಯಸ್ಸಿನ ಕ್ಲರ್ಕ್‌ಗೆ ‘ಸರ್, ನೀವು’ ಅನ್ನುತ್ತಾನೆ. ಯಾರಿಗೂ ಯಾರ ಪರಿಚಯವೂ ಇಲ್ಲ. ಹಾಗಾದರೆ ಎಲ್ಲಿ ಹೋಯಿತು ವಯಸ್ಸಿನ ಲೆಕ್ಕ?

ನನ್ನ ಅನಿಸಿಕೆ ನೇರವಾಗಿ ಹೇಳುತ್ತೇನೆ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ತುದಿಯಲ್ಲಿ ಕೂತಿದೆ. ‘ಬಾ’ ಅಂದರೆ ಒಂದು, ‘ಬನ್ನಿ’ ಅಂದರೆ ಇನ್ನೊಂದು. ಬಾಯಿ ಬಿಟ್ಟರೆ ಸಾಕು, ಎದುರಿಗಿರುವವರನ್ನು ನಾವು ಎಲ್ಲಿ ಇಟ್ಟಿದ್ದೇವೆ ಅಂತ ಗೊತ್ತಾಗಿಬಿಡುತ್ತದೆ. ಆ ಜಾಗವನ್ನು ನಾವು ವಯಸ್ಸು ನೋಡಿ ಕೊಡುತ್ತಿಲ್ಲ. ಜಾತಿ, ಕೆಲಸ, ದುಡ್ಡು, ಹೆಣ್ಣೋ ಗಂಡೋ ಅಂತ ನೋಡಿ ಕೊಡುತ್ತಿದ್ದೇವೆ. ಬೈಗುಳ ಎಲ್ಲರಿಗೂ ಕೇಳುತ್ತದೆ, ಇದು ಯಾರಿಗೂ ಕೇಳುವುದೇ ಇಲ್ಲ. ನಿಮ್ಮ ಕಡೆ ಹೇಗಿದೆ ಹೇಳಿ.

ಬೆಳವಲ:
ನಾನು ಗದಗ ಕಡೆಯವನು. ಒಂದು ಎಚ್ಚರಿಕೆ ಹೇಳಬೇಕು. ನಮ್ಮಲ್ಲಿ ಏಕವಚನ ಅಂದರೆ ಅವಮಾನ ಅಂತ ಏನಿಲ್ಲ. ಅವ್ವನಿಗೆ ‘ನೀ’, ಗೆಳೆಯನಿಗೆ ‘ನೀ’, ದೇವರಿಗೂ ‘ನೀ’. ವಚನಕಾರರು ಶಿವನನ್ನು ಬಹುವಚನದಲ್ಲಿ ಮಾತಾಡಿಸುತ್ತಾ ಕೂರಲಿಲ್ಲ. ಬೆಂಗಳೂರಿಗೆ ಬಂದ ನಮ್ಮ ಹುಡುಗರಿಗೆ ‘ನಿಮ್ಮ ಭಾಷೆ ಒರಟು’ ಅಂತ ಎಷ್ಟು ಜನ ಹೇಳಿಲ್ಲ! ಅದೂ ಒಂದು ತಾರತಮ್ಯವೇ. ನಮ್ಮಲ್ಲಿ ಮರ್ಯಾದೆ ಬೇಕಾದಾಗ ‘ರೀ’ ಇದೆ, ‘ಬರ್ರಿ’, ‘ಹೌದ್ರಿ’, ‘ಇಲ್ರಿ’. ಅದನ್ನು ಕೂಲಿಗೆ ಬಂದವರಿಗೂ ಹಚ್ಚಿ ಮಾತಾಡುವ ಹಿರಿಯರನ್ನು ನೋಡುತ್ತಾ ಬೆಳೆದವನು ನಾನು.

ತುಂಗಾತೀರ:
ಒಪ್ಪುತ್ತೇನೆ. ಎರಡೂ ಕಡೆಯಿಂದ ‘ನೀನು’ ಇದ್ದರೆ ಅದು ಸಲಿಗೆ. ನನ್ನ ತಕರಾರು ಒಂದೇ ಕಡೆಯಿಂದ ಬರುವ ‘ನೀನು’ ಬಗ್ಗೆ. ನಾನು ‘ನೀನು’ ಅನ್ನಬಹುದು, ಅವರು ನನಗೆ ವಾಪಸ್ ‘ನೀನು’ ಅನ್ನುವ ಹಾಗಿಲ್ಲ. ಪರೀಕ್ಷೆ ಮಾಡಬೇಕಾದ್ದು ಇದನ್ನೇ.

ಕಾವೇರಿಸೀಮೆ:
ಸಲಿಗೆಯ ಮಾತು ಬಂತಲ್ಲ, ಹಾಗಾದರೆ ನಮ್ಮ ಕಥೆ ಹೇಳುತ್ತೇನೆ. ನಾನು ಮಂಡ್ಯ ಕಡೆಯ ದಲಿತ ಕುಟುಂಬದವನು. ನಮ್ಮ ತಾತನಿಗೆ ಊರಿನ ಹತ್ತು ವರ್ಷದ ಮಕ್ಕಳೂ ‘ಏನ್ಲಾ’ ಅನ್ನುತ್ತಿದ್ದರು. ತಾತ ಆ ಮಕ್ಕಳಿಗೆ ‘ಬುದ್ದಿ’ ಅನ್ನಬೇಕಿತ್ತು. ಇದು ರಾಜರ ಕಾಲದ್ದಲ್ಲ, ನಾನು ನೋಡಿದ್ದು, ಮೊಬೈಲ್ ಬಂದ ಮೇಲೂ ನೋಡಿದ್ದು.

ಹೆಸರಿನ ವಿಷಯ ಇನ್ನೂ ಆಳದ್ದು. ಊರಿನವರ ಹೆಸರು ಸಿದ್ದೇಗೌಡ, ಸಿದ್ದಪ್ಪ. ನಮ್ಮವರದ್ದಾದರೆ ಬರೀ ಸಿದ್ದ. ಅವರು ಕೆಂಪಯ್ಯ, ನಾವು ಕೆಂಪ. ಬಾಯಲ್ಲಿ ಕತ್ತರಿಸಿದ್ದು ಸಾಲದೆ ಕಾಗದದಲ್ಲೂ ಕತ್ತರಿಸಿದರು. ಹಳೆಯ ಪಹಣಿ ತೆಗೆದು ನೋಡಿ, ‘ಕರಿಯ ಬಿನ್ ಮಾರ’ ಅಂತ ಇರುತ್ತದೆ. ಬರೆಯುವವರಿಗೆ ‘ಕರಿಯಯ್ಯ’ ಅಂತ ಬರೆಯಲು ಜಾಗ ಇರಲಿಲ್ಲ ಅಂತ ನಾನು ನಂಬುವುದಿಲ್ಲ. ಹನ್ನೆರಡನೇ ಶತಮಾನದ ಶರಣರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಅಂತ ಕರೆದರಲ್ಲ, ಆ ‘ಅಯ್ಯ’ ಎಷ್ಟು ದೊಡ್ಡ ಕೆಲಸ ಮಾಡಿತ್ತು ಅಂತ ಚೆನ್ನಯ್ಯನವರ ಕುಲದವರಿಗೆ ಗೊತ್ತಿರುತ್ತದೆ. ಅದನ್ನು ವೇದಿಕೆ ಮೇಲೆ ಹೇಳುವವರು ಮನೆಗೆ ಬಂದ ಆಳಿನ ಹೆಸರಿಗೆ ಹಚ್ಚುವುದಿಲ್ಲ.

ಏಕವಚನ ಒಂಟಿಯಾಗಿ ಬರುವುದಿಲ್ಲ. ಎಲ್ಲಿ ‘ಲೋ’ ಇರುತ್ತದೋ ಅಲ್ಲೇ ಬೇರೆ ಲೋಟ ಇರುತ್ತದೆ, ಅಲ್ಲೇ ಕ್ಷೌರದಂಗಡಿಯಲ್ಲಿ ‘ಇವತ್ತು ಆಗಲ್ಲ’ ಅನ್ನುವ ಮಾತು ಇರುತ್ತದೆ. ಕೊಪ್ಪಳ ಜಿಲ್ಲೆಯ ಮರಕುಂಬಿ ನೆನಪಿದೆಯಾ? ಕ್ಷೌರ ಮಾಡಲ್ಲ, ಹೋಟೆಲ್‌ಗೆ ಬಿಡಲ್ಲ ಅಂತ ಶುರುವಾದ ಜಗಳ. 2014ರ ಆಗಸ್ಟ್‌ನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಆದ ಮೇಲೆ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮೇಲ್ಮನವಿ ಹೈಕೋರ್ಟ್‌ಗೆ ಹೋಯಿತು, ಅದು ಬೇರೆ ಮಾತು. ನಾನು ಹೇಳುವುದು ಏನೆಂದರೆ, ಬೆಂಕಿ ಹಚ್ಚುವವರೆಗೆ ಹೋಗಲು ಮನಸ್ಸು ಮೊದಲು ತಯಾರಾಗಿರಬೇಕು. ದಿನಾ ‘ಬಾರ್ಲಾ ಹೋಗ್ಲಾ’ ಅಂತ ಅಂದು ಅಂದು ಎದುರಿಗಿರುವವರು ಮನುಷ್ಯರೇ ಅನ್ನುವುದು ಮರೆತುಹೋಗಿರುತ್ತದೆ.

ಸಾರ್ವಜನಿಕವಾಗಿ ಜಾತಿ ಹೆಸರು ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸ್ ಹಾಕಬಹುದು. ಆದರೆ ಜಾತಿ ಹೆಸರೇ ಎತ್ತದೆ, ಬರೀ ‘ಲೋ’ ಅಂತ ಕರೆದು ಅದೇ ಕೆಲಸ ಮುಗಿಸುವವರಿಗೆ ಯಾವ ಸೆಕ್ಷನ್ ಹಾಕುತ್ತೀರಿ?

ನೇರಮಾತು:
ಎಲ್ಲ ಸರಿ, ಆದರೆ ನನಗೆ ಈ ಪದದ ಚರ್ಚೆ ಮೇಲೆ ಅಷ್ಟು ನಂಬಿಕೆ ಇಲ್ಲ. ಹಿಂದೆ ಇದ್ದ ಹೆಸರು ತೆಗೆದು ‘ಪೌರಕಾರ್ಮಿಕ’ ಅಂದೆವು. ಸೆಪ್ಟೆಂಬರ್ 23 ಅವರ ದಿನಾಚರಣೆ ಅಂತಲೂ ಮಾಡಿದೆವು. ಶಾಲು ಹೊದಿಸಿದೆವು. ಮಾರನೇ ದಿನ ಬರಿಗೈಯಲ್ಲೇ ಕಸ ಎತ್ತಿದರಲ್ಲ? ‘ನೀವು’ ಅಂತ ಕರೆದು ಬಾಡಿಗೆ ಮನೆ ಇಲ್ಲ ಅನ್ನುವವರು ನನ್ನ ಅಪಾರ್ಟ್‌ಮೆಂಟಿನಲ್ಲೇ ಬೇಕಾದಷ್ಟು ಜನ ಇದ್ದಾರೆ. ‘ತಪ್ಪು ತಿಳಿಯಬೇಡಿ, ನೀವು ಯಾವ ಪೈಕಿ?’ ಅಂತ ತುಂಬಾ ಗೌರವದಿಂದಲೇ ಕೇಳುತ್ತಾರೆ. ‘ವೆಜ್‌ನವರಿಗೆ ಮಾತ್ರ ಕೊಡೋದು’ ಅನ್ನುವುದೂ ಬಹುವಚನದಲ್ಲೇ. ಸಂಬಳ, ಮನೆ, ಗ್ಲೌಸ್ ಮೊದಲು. ಭಾಷೆ ಆಮೇಲೆ ತಾನಾಗಿ ಬರುತ್ತದೆ.

ವಾರ್ಡ್ ಹುಡುಗಿ:
@ನೇರಮಾತು ಅವರೇ, ನಮ್ಮ ಅಮ್ಮ ಪೌರಕಾರ್ಮಿಕರು. ಗ್ಲೌಸ್ ಮೊದಲು ಅಂದಿರಲ್ಲ, ಸರಿ. ಆದರೆ ಗ್ಲೌಸ್ ಕೇಳಲು ಬಾಯಿ ಬರಬೇಕಲ್ಲ? ಗುತ್ತಿಗೆದಾರನ ಕೈಕೆಳಗೆ ಇದ್ದಾಗ ಮೇಸ್ತ್ರಿ ಹೆಂಗಸರಿಗೆಲ್ಲ ‘ಏನೇ, ಬಾರೇ’ ಅನ್ನುತ್ತಿದ್ದ. ಸಂಬಳ ಯಾಕೆ ತಡ ಅಂತ ಕೇಳಿದರೆ ‘ನಿನಗೆ ಯಾಕೆ ಅದೆಲ್ಲ, ಹೋಗೇ’. ಅಲ್ಲಿಗೆ ಮಾತು ಮುಗಿಯಿತು. ‘ಹೋಗೇ’ ಅನ್ನಿಸಿಕೊಂಡವರು ಲೆಕ್ಕ ಕೇಳುವುದಾದರೂ ಹೇಗೆ?

2022ರ ಜುಲೈನಲ್ಲಿ ಕೆಲಸ ಕಾಯಂ ಮಾಡಿ ಅಂತ ರಾಜ್ಯದ ಪೌರಕಾರ್ಮಿಕರು ಮುಷ್ಕರ ಕೂತರು. ಬೆಂಗಳೂರಿನಲ್ಲಿ ಫ್ರೀಡಂ ಪಾರ್ಕ್‌ಗೆ ಅಮ್ಮನೂ ಹೋಗಿದ್ದರು. ವಾಪಸ್ ಬಂದು ಹೇಳಿದ ಮೊದಲ ಮಾತು ಸಂಬಳದ ಬಗ್ಗೆ ಇರಲಿಲ್ಲ. ‘ಅಲ್ಲಿ ಎಲ್ಲರೂ ನನಗೆ ನೀವು ಅಂದರು, ಮೈಕ್ ಕೊಟ್ಟು ಹೇಳಿ ಅಮ್ಮ ಅಂದರು’ ಅಂತ. ಮುಷ್ಕರ ಮುಗಿದು ಕೆಲಸಕ್ಕೆ ಹೋದ ಮೇಲೆ ಅಮ್ಮ ಮೇಸ್ತ್ರಿಗೆ ನೇರವಾಗಿ ಹೇಳಿದರು, ಹೆಸರು ಹಿಡಿದು ಕರೆಯಿರಿ, ‘ಏನೇ’ ಬೇಡ ಅಂತ. ಅವನು ನಿಲ್ಲಿಸಿದ. ಒಂದೇ ದಿನದಲ್ಲಿ ಅಲ್ಲ, ಆದರೆ ನಿಲ್ಲಿಸಿದ. ಸಂಬಳ ಬೇಕು, ಮಾತೂ ಬೇಕು. ಇದರಲ್ಲಿ ಯಾವುದು ಮೊದಲು ಅಂತ ನಮ್ಮನ್ನು ಕೇಳಬೇಡಿ.

ಇನ್ನೊಂದು. ‘ಕಸದವಳು ಬಂದಳು’ ಅಂತ ಕೂಗುತ್ತಾರಲ್ಲ, ಕಸ ನಿಮ್ಮದು. ಅಮ್ಮನಿಗೆ ಹೆಸರಿದೆ.

ನೇರಮಾತು:
ಗ್ಲೌಸ್ ಕೇಳಲು ಬಾಯಿ ಬರಬೇಕು ಅನ್ನುವ ಮಾತಿಗೆ ನನ್ನ ಬಳಿ ಉತ್ತರ ಇಲ್ಲ. ಆದರೂ ಶಾಲು ಹೊದಿಸುವ ಕಾರ್ಯಕ್ರಮದ ಬಗ್ಗೆ ನನ್ನ ಸಿಟ್ಟು ಹಾಗೇ ಇದೆ.

ವಾರ್ಡ್ ಹುಡುಗಿ:
ಇರಲಿ, ನಮಗೂ ಇದೆ.

ಹೊಸಪೇಟೆ ಹೂ:
ಎಲ್ಲರೂ ‘ನೀನು, ನೀವು’ ಬಗ್ಗೆ ಬರೆಯುತ್ತಿದ್ದೀರಿ. ನಮಗೆ ಅದಕ್ಕಿಂತ ಕೆಳಗೆ ಒಂದು ಮೆಟ್ಟಿಲಿದೆ. ನಾನು ಟ್ರಾನ್ಸ್ ಹೆಂಗಸು. ನನ್ನ ಬಗ್ಗೆ ಕೆಲವರು ‘ಅವನು’ ಅನ್ನುತ್ತಾರೆ, ಕೆಲವರು ‘ಅವಳು’ ಅನ್ನುತ್ತಾರೆ, ಜಾಸ್ತಿ ಜನ ‘ಅದು’ ಅನ್ನುತ್ತಾರೆ. ‘ಅದು ಬಂತು ನೋಡು’, ‘ಅದಕ್ಕೆ ಹತ್ತು ರೂಪಾಯಿ ಕೊಟ್ಟು ಕಳಿಸು’. ಕನ್ನಡದಲ್ಲಿ ‘ಅದು’ ಅಂದರೆ ದನ, ಕಲ್ಲು, ಕುರ್ಚಿ. ಕೂಸಿಗೂ ‘ಅದು’ ಅನ್ನುತ್ತೇವೆ, ಆದರೆ ಮುದ್ದಿನಿಂದ. ನಮಗೆ ಅನ್ನುವಾಗ ಮುದ್ದು ಇರುವುದಿಲ್ಲ.

ಒಂದು ಆಸ್ಪತ್ರೆಯಲ್ಲಿ ಜ್ವರ ಅಂತ ಹೋಗಿದ್ದೆ. ಚೀಟಿ ಬರೆಯುವವರು ಪಕ್ಕದವರಿಗೆ ಕೇಳಿದರು, ‘ಇದನ್ನ ಯಾವ ಸಾಲಲ್ಲಿ ಕೂರಿಸಲಿ?’ ನಾನು ಎದುರಿಗೇ ನಿಂತಿದ್ದೆ, ನನ್ನ ಕೈಯಲ್ಲಿ ಆಧಾರ್ ಇತ್ತು, ಅದರಲ್ಲಿ ಹೆಸರಿತ್ತು. ನನ್ನನ್ನೇ ಕೇಳಬಹುದಿತ್ತು.

ಕಾನೂನು ನಮ್ಮ ಪರ ಏನೂ ಹೇಳಿಲ್ಲ ಅಂತಲ್ಲ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ ತೀರ್ಪಿನಲ್ಲಿ, ನಾವು ಯಾರು ಅಂತ ಹೇಳಿಕೊಳ್ಳುವ ಹಕ್ಕು ನಮ್ಮದೇ ಅಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ಸರ್ಕಾರಿ ನೇಮಕಾತಿಯಲ್ಲಿ ನಮಗೆ ಶೇ 1ರಷ್ಟು ಮೀಸಲಾತಿ ತಂದಿತು, ದೇಶದಲ್ಲೇ ಮೊದಲು. 2023ರ ಜೂನ್‌ನಲ್ಲಿ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದಾಗ ಹೆಂಗಸರ ಜೊತೆ ನಮ್ಮನ್ನೂ ಸೇರಿಸಿದರು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರು ಜಾನಪದ ಅಕಾಡೆಮಿ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ಆ ವಿಡಿಯೋ ಎಲ್ಲರೂ ಹಂಚಿಕೊಂಡರು, ನಾನೂ ಅತ್ತೆ. ಆದರೆ ಮಂಜಮ್ಮನವರಿಗೆ ‘ಅವರು’, ಸಿಗ್ನಲ್‌ನಲ್ಲಿ ನಿಂತ ನನ್ನ ಗೆಳತಿಗೆ ‘ಅದು’. ಪ್ರಶಸ್ತಿ ಬಂದ ಮೇಲೆ ಮಾತ್ರ ಮನುಷ್ಯರಾಗುವುದಾದರೆ ನಾವು ಎಷ್ಟು ಜನ ಕಾಯಬೇಕು? 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಬಿಟ್ಟು ‘ಇತರೆ’ ಅಂತ ಬರೆಸಿದವರು ನಮ್ಮ ರಾಜ್ಯದಲ್ಲೇ 20,266 ಜನ. ಬರೆಸದೆ ಉಳಿದವರು ಅದಕ್ಕಿಂತ ಜಾಸ್ತಿ ಇರುತ್ತಾರೆ ಅಂತ ನಮಗೆಲ್ಲ ಗೊತ್ತು.

ಏನಂತ ಕರೆಯಬೇಕು ಗೊತ್ತಾಗಲ್ಲ ಅಂತ ಒಳ್ಳೆಯ ಮನಸ್ಸಿನವರೂ ಕೇಳುತ್ತಾರೆ. ಗೊತ್ತಿಲ್ಲದಿದ್ದರೆ ‘ಅವರು ಬಂದರು’ ಅನ್ನಿ. ಗಂಡೋ ಹೆಣ್ಣೋ ಅಂತ ನೀವು ತೀರ್ಮಾನ ಮಾಡುವ ಅಗತ್ಯವೇ ಬರುವುದಿಲ್ಲ. ಹೊಸ ಪದ ಯಾರೂ ಹುಟ್ಟಿಸಬೇಕಾಗಿಲ್ಲ, ನಮ್ಮ ಅಜ್ಜಿಯರ ಬಾಯಲ್ಲೇ ಇದೆ. ಜೊತೆಗೆ ಇನ್ನೊಂದು ಹೇಳುತ್ತೇನೆ: ಪರಿಚಯ ಆದ ಮೇಲೆ ನನ್ನನ್ನು ‘ಅಕ್ಕ’ ಅನ್ನಿ, ನನಗೆ ಅದು ಇಷ್ಟ. ನನ್ನ ಗೆಳತಿಯರಲ್ಲಿ ಕೆಲವರಿಗೆ ‘ಮಂಗಳಮುಖಿ’ ಪದ ಇಷ್ಟ, ಕೆಲವರಿಗೆ ಬೇಡ, ಜೋಗತಿಯರಿಗೆ ಅವರದ್ದೇ ಹೆಸರಿದೆ. ಕೇಳಿ, ಹೇಳುತ್ತೇವೆ.

ಸರ್ಕಾರಿ ಶಾಲೆ ಮೇಷ್ಟ್ರು:
ಹೊಸಪೇಟೆ ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ. ಮಕ್ಕಳ ವಿಷಯ ಸ್ವಲ್ಪ ಹೇಳುತ್ತೇನೆ. ಮಕ್ಕಳು ಇದನ್ನು ಪಾಠದಿಂದ ಕಲಿಯುವುದಿಲ್ಲ, ಸ್ಟಾಫ್ ರೂಮಿನಿಂದ ಕಲಿಯುತ್ತಾರೆ. ನಾವು ಹೆಡ್ ಮಾಸ್ಟರ್‌ಗೆ ‘ಸರ್ ಬಂದರು’ ಅನ್ನುತ್ತೇವೆ, ಬಿಸಿಯೂಟ ಮಾಡುವವರಿಗೆ ‘ಅಡುಗೆಯವಳು ಬಂದಿಲ್ವಾ?’ ಅನ್ನುತ್ತೇವೆ. ಮಧ್ಯಾಹ್ನ ಮೂರನೇ ಕ್ಲಾಸಿನ ಮಗು ತಟ್ಟೆ ಹಿಡಿದು ಅವರಿಗೆ ‘ಸಾರು ಹಾಕು’ ಅನ್ನುತ್ತದೆ. ಮನೆಯಲ್ಲಿ ತನ್ನ ಅತ್ತೆಗೆ ‘ಹಾಕಿ’ ಅನ್ನುವ ಮಗು ಅದು. ನಮ್ಮ ಶಾಲೆಯಲ್ಲಿ ಶಿಕ್ಷಕರೆಲ್ಲ ಸೇರಿ ಒಂದು ತೀರ್ಮಾನ ಮಾಡಿದೆವು, ಅಡುಗೆ ಸಿಬ್ಬಂದಿಯನ್ನು ಮೊದಲು ನಾವು ಹೆಸರಿನ ಜೊತೆ ‘ಅಮ್ಮ’ ಸೇರಿಸಿ ಬಹುವಚನದಲ್ಲಿ ಕರೆಯುವುದು ಅಂತ. ಮಕ್ಕಳಿಗೆ ಏನೂ ಹೇಳಲೇ ಇಲ್ಲ. ಅವರೂ ಹಾಗೇ ಶುರು ಮಾಡಿದರು.

ತುಮಕೂರಿನಿಂದ:
ನನಗೆ ಪೋಲಿಯೊ ಆಗಿದೆ, ವೀಲ್‌ಚೇರ್ ಬಳಸುತ್ತೇನೆ. ನಮ್ಮದು ಇನ್ನೊಂದು ತರಹ. ಜನ ನನ್ನನ್ನು ‘ನೀನು’ ಅಂತಲೂ ಮಾತಾಡಿಸುವುದಿಲ್ಲ, ಜೊತೆಯಲ್ಲಿರುವ ತಮ್ಮನನ್ನು ಕೇಳುತ್ತಾರೆ: ‘ಇವನಿಗೆ ಏನು ಬೇಕಂತೆ?’ ನನಗೆ ನಲವತ್ತಾರು ವರ್ಷ, ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಅಂಗವಿಕಲ, ವಿಕಲಚೇತನ, ದಿವ್ಯಾಂಗ ಅಂತ ಸರ್ಕಾರ ಹೆಸರು ಬದಲಿಸುತ್ತಾ ಬಂತು. ಯಾವ ಪದ ಇದ್ದರೂ ನನಗೆ ತೊಂದರೆ ಇಲ್ಲ, ಮುಖ ನೋಡಿ ಮಾತಾಡಿ ಸಾಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ, ನಮ್ಮನ್ನು ಬೇಕಂತಲೇ ಜನರ ಎದುರು ಅವಮಾನ ಮಾಡಿದವರಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಇದೆ. ಊರಲ್ಲಿ ‘ಕುಂಟ’ ಅಂತ ಹೆಸರಿನ ಮುಂದೆ ಸೇರಿಸಿ ಕರೆಯುವವರಿಗೆ ಇದು ಗೊತ್ತಿರಲಿ.

ಕಾಸರಗೋಡು ಕನ್ನಡತಿ:
ನಾವು ಕೇರಳದಲ್ಲಿರುವ ಕನ್ನಡಿಗರು. 2021ರಲ್ಲಿ ಕೇರಳ ಹೈಕೋರ್ಟ್ ಪೊಲೀಸರಿಗೆ ಹೇಳಿತು, ಜನರನ್ನು ‘ಎಡಾ’, ‘ಎಡೀ’, ‘ನೀ’ ಅಂತ ಕರೆಯಬಾರದು ಅಂತ. ಆಮೇಲೆ ಪೊಲೀಸ್ ಮುಖ್ಯಸ್ಥರು ಸುತ್ತೋಲೆಯನ್ನೂ ಹೊರಡಿಸಿದರು. ಅದೇ ವರ್ಷ ಪಾಲಕ್ಕಾಡ್ ಜಿಲ್ಲೆಯ ಮಾತೂರು ಪಂಚಾಯಿತಿ ಇನ್ನೊಂದು ದಿಕ್ಕಿನಿಂದ ಹೊರಟಿತು. ಕಚೇರಿಗೆ ಬರುವ ಜನ ‘ಸರ್’, ‘ಮೇಡಂ’ ಅನ್ನಬೇಕಾಗಿಲ್ಲ ಅಂತ ತೀರ್ಮಾನ ಮಾಡಿತು. ನನಗೆ ಎರಡನೆಯದು ಇನ್ನೂ ಇಷ್ಟ ಆಯಿತು. ಕೆಳಗಿರುವವರನ್ನು ಎತ್ತುವುದರ ಜೊತೆಗೆ ಮೇಲೆ ಕೂತವರನ್ನು ಸ್ವಲ್ಪ ಇಳಿಸಬೇಕಲ್ಲ.

ನಮ್ಮ ಮನೆಮಾತು ತುಳು. ಅಲ್ಲೂ ‘ಈ’ ಮತ್ತು ‘ಈರ್’ ಇದೆ, ಅಲ್ಲೂ ಇದೇ ಕಥೆ.

ಹಾಸನದ ಬೀಬಿ:
ಸ್ವಲ್ಪ ಪಕ್ಕದ ವಿಷಯ, ಆದರೂ ಹೇಳುತ್ತೇನೆ. ‘ನೀವು ಕನ್ನಡದವರಾ, ಮುಸ್ಲಿಮರಾ?’ ಇದನ್ನು ತುಂಬಾ ಮರ್ಯಾದೆಯಿಂದ, ‘ನೀವು’ ಅಂತಲೇ ಕೇಳುತ್ತಾರೆ. ‘ಕನ್ನಡ ಎಷ್ಟು ಚೆನ್ನಾಗಿ ಮಾತಾಡುತ್ತೀರಿ!’ ಅಂತ ಹೊಗಳುತ್ತಾರೆ. ನಾನು ಹುಟ್ಟಿದ್ದು, ಓದಿದ್ದು, ಮದುವೆಯಾಗಿದ್ದು ಎಲ್ಲ ಹಾಸನದಲ್ಲೇ. ನಮ್ಮ ಊರಿನ ಬಾನು ಮುಷ್ತಾಕ್ ಅವರು 2025ರಲ್ಲಿ ಕನ್ನಡಕ್ಕೆ ಅಂತರರಾಷ್ಟ್ರೀಯ ಬೂಕರ್ ತಂದರು, ಅದಾದ ಮೇಲೂ ನನಗೆ ಈ ಪ್ರಶ್ನೆ ಬರುತ್ತಲೇ ಇದೆ. ನೇರಮಾತು ಅವರು ಹೇಳಿದ್ದು ಇಲ್ಲಿ ನಿಜ, ಬಹುವಚನದಲ್ಲೂ ಹೊರಗೆ ನಿಲ್ಲಿಸಬಹುದು.

ಮಲೆನಾಡ ಸೊಸೆ:
ಮನೆಯೊಳಗಿನದ್ದು ಯಾರೂ ಹೇಳಲಿಲ್ಲ. ‘ಅಪ್ಪ ಬಂದರು, ಅಮ್ಮ ಬಂದಳು.’ ಎಷ್ಟು ಮನೆಗಳಲ್ಲಿ ಹೀಗೆ ಅಲ್ವಾ? ಗಂಡನಿಗೆ ‘ರೀ’, ಹೆಂಡತಿಗೆ ‘ಏ, ಬಾ ಇಲ್ಲಿ’. ಅಮ್ಮನಿಗೆ ಏಕವಚನ ಪ್ರೀತಿ ಅನ್ನುತ್ತಾರೆ, ಸರಿ, ಹಾಗಾದರೆ ಅಪ್ಪನ ಮೇಲೆ ಪ್ರೀತಿ ಇಲ್ವಾ? ನಮ್ಮ ಮನೆಯಲ್ಲಿ ನಾನು, ನನ್ನ ಗಂಡ ಇಬ್ಬರೂ ‘ನೀನು’ ಅಂತಲೇ ಮಾತಾಡುತ್ತೇವೆ. ಅತ್ತೆ ಮೊದಲು ಬೇಜಾರು ಮಾಡಿಕೊಂಡರು, ಈಗ ಏನೂ ಅನ್ನುವುದಿಲ್ಲ.

ಡೆಸ್ಕಿನವನು:
ಪತ್ರಿಕೆಯ ಡೆಸ್ಕ್‌ನಲ್ಲಿ ತುಂಬಾ ವರ್ಷ ಕೆಲಸ ಮಾಡಿದವನು. ಇದು ದಿನಾ ರಾತ್ರಿ ನಮ್ಮ ಕೈಯಲ್ಲೇ ಆಗುವ ಕೆಲಸ, ಅದಕ್ಕೇ ಬರೆಯುತ್ತಿದ್ದೇನೆ. ಒಂದೇ ಪುಟದಲ್ಲಿ ಎರಡು ಸಾವಿನ ಸುದ್ದಿ ಇರುತ್ತದೆ. ನಿವೃತ್ತ ಅಧಿಕಾರಿ ‘ನಿಧನರಾದರು’. ಕಟ್ಟಡದಿಂದ ಬಿದ್ದ ಕೂಲಿ ಕಾರ್ಮಿಕ ‘ಮೃತಪಟ್ಟಿದ್ದಾನೆ’. ಜಾಗದ ಸಮಸ್ಯೆ ಅಂತ ಹೇಳುವವರಿದ್ದಾರೆ. ‘ಮೃತಪಟ್ಟಿದ್ದಾನೆ’, ‘ಮೃತಪಟ್ಟಿದ್ದಾರೆ’ ಎರಡನ್ನೂ ಬರೆದು ನೋಡಿ, ಒಂದು ಅಕ್ಷರವೂ ಜಾಸ್ತಿ ಆಗುವುದಿಲ್ಲ. ‘ನೆ’ ಹೋಗಿ ‘ರೆ’ ಬರುತ್ತದೆ, ಅಷ್ಟೇ.

ಆರೋಪಿಗಳ ವಿಷಯದಲ್ಲಿ ಇನ್ನೂ ಗೊಂದಲ. ಸಣ್ಣ ಕಳ್ಳತನದ ಆರೋಪಿ ‘ಸಿಕ್ಕಿಬಿದ್ದಿದ್ದಾನೆ’, ಕೋಟಿಗಟ್ಟಲೆ ಹಗರಣದ ಆರೋಪಿ ‘ವಿಚಾರಣೆಗೆ ಹಾಜರಾಗಿದ್ದಾರೆ’. ಇಬ್ಬರದ್ದೂ ತಪ್ಪು ಇನ್ನೂ ಸಾಬೀತಾಗಿಲ್ಲ. ಬಹಳಷ್ಟು ಸಲ ಪೊಲೀಸ್ ಪ್ರಕಟಣೆಯಲ್ಲಿ ಹೇಗಿದೆಯೋ ಹಾಗೇ ಇಳಿಸುತ್ತೇವೆ. ‘ಆಸಾಮಿ’ ಅನ್ನುವ ಪದವೂ ಅಲ್ಲಿಂದಲೇ ಬರುವುದು.

ಅರಸೀಕೆರೆ ಮನೆ:
ಒಂದು ನಿಜವಾದ ತೊಂದರೆ ಕೇಳುತ್ತೇನೆ. ನಮ್ಮ ತೋಟದಲ್ಲಿ ಅಜ್ಜನ ಕಾಲದಿಂದ ಕೆಲಸ ಮಾಡುತ್ತಿರುವ ಹಿರಿಯರೊಬ್ಬರಿದ್ದಾರೆ. ಮನೆಯವರೆಲ್ಲ ಹೆಸರು ಹಿಡಿದು ‘ಬಾ, ಹೋಗು’ ಅನ್ನುತ್ತಾರೆ. ನಾನು ‘ನೀವು, ಬನ್ನಿ’ ಅಂದರೆ ಅವರಿಗೇ ಕಸಿವಿಸಿ. ‘ಹಂಗೆಲ್ಲ ಅನ್ನಬೇಡಿ ಅಮ್ಮಾವ್ರೇ, ದೊಡ್ಡವರು ಕೇಳಿಸ್ಕೊಂಡ್ರೆ ನನಗೆ ಬೈತಾರೆ’ ಅನ್ನುತ್ತಾರೆ. ಅವರಿಗೆ ತೊಂದರೆ ಆಗದ ಹಾಗೆ ಹೇಗೆ ಬದಲಿಸುವುದು?

ಕಾವೇರಿಸೀಮೆ:
ಅವರ ಹೆದರಿಕೆ ಸುಳ್ಳಲ್ಲ. ನೀವು ‘ನೀವು’ ಅಂದಿದ್ದಕ್ಕೆ ನಾಳೆ ಕೆಲಸ ಕಳೆದುಕೊಳ್ಳುವವರು ಅವರು, ನೀವಲ್ಲ. ಹಾಗಾಗಿ ಅವರ ಹತ್ತಿರ ಶುರು ಮಾಡಬೇಡಿ, ಮೊದಲು ನಿಮ್ಮ ಅಪ್ಪ, ಚಿಕ್ಕಪ್ಪನ ಹತ್ತಿರ ಮಾತಾಡಿ. ಕಷ್ಟದ ಕೆಲಸ ನಿಮ್ಮ ಪಾಲಿಗೆ ಬರಬೇಕಾದ್ದು. ಅಲ್ಲಿವರೆಗೆ ಹೆಸರಿಗೆ ‘ಅಣ್ಣ’ನೋ ‘ಅಜ್ಜ’ನೋ ಸೇರಿಸಿ, ಅದಕ್ಕೆ ಯಾರೂ ಜಗಳ ಆಡುವುದು ಕಷ್ಟ. ಮತ್ತೆ, ಅವರಿಗೆ ಕಾಫಿ ಕೊಡುವ ಲೋಟ ಯಾವುದು ಅಂತ ನೋಡಿ. ಅದು ಹಿತ್ತಲ ಗೋಡೆ ಮೇಲೆ ಇದ್ದರೆ ‘ಅಣ್ಣ’ ಅಂದು ಪ್ರಯೋಜನ ಇಲ್ಲ.

ಅರಸೀಕೆರೆ ಮನೆ:
ಲೋಟ ಬೇರೆಯೇ ಇದೆ. ಅಪ್ಪನ ಹತ್ತಿರ ಈ ಭಾನುವಾರ ಮಾತಾಡುತ್ತೇನೆ. ಸುಲಭ ಆಗಲ್ಲ.

ಬೆಳವಲ:
ಮಾತಾಡ್ರಿ ಅಕ್ಕಾ. ಆಗದಿದ್ದರೆ ಮತ್ತೆ ಬರೆಯಿರಿ.

ತುಂಗಾತೀರ:
ಡೆಸ್ಕಿನವರು ಹೇಳಿದ ವಿಷಯದಲ್ಲಿ ನಾವು ಏನಾದರೂ ಮಾಡಬಹುದು ಅನಿಸುತ್ತಿದೆ. ಪತ್ರಿಕೆಗಳ ಸಂಪಾದಕರಿಗೆ ಎಲ್ಲರೂ ಸೇರಿ ಒಂದು ಪತ್ರ ಬರೆಯೋಣ. ಸತ್ತವರು ಯಾರೇ ಆಗಿರಲಿ ಬಹುವಚನ ಬಳಸಿ, ಟ್ರಾನ್ಸ್ ಜನರ ಬಗ್ಗೆ ‘ಅವರು’ ಅಂತ ಬರೆಯಿರಿ, ಆರೋಪಿಗಳಲ್ಲಿ ಬಡವರಿಗೆ ಒಂದು ಸಾಹುಕಾರರಿಗೆ ಒಂದು ಮಾಡಬೇಡಿ ಅಂತ. ಕರಡು ನಾನು ಬರೆಯುತ್ತೇನೆ. ಡೆಸ್ಕಿನವರೇ, ನೀವು ಒಮ್ಮೆ ತಿದ್ದಿಕೊಡುತ್ತೀರಾ?

ಡೆಸ್ಕಿನವನು:
ಖಂಡಿತ. ನಾಲ್ಕೈದು ಸಾಲು ಸಾಕು, ಉದ್ದ ಆದರೆ ಹಾಕುವುದಿಲ್ಲ. ‘ಮೃತಪಟ್ಟಿದ್ದಾನೆ, ಮೃತಪಟ್ಟಿದ್ದಾರೆ’ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ.

ಹೊಸಪೇಟೆ ಹೂ:
ನನ್ನ ಹೆಸರು ಸೇರಿಸಿ. ಸಂಘದ ಗೆಳತಿಯರನ್ನೂ ಕೇಳುತ್ತೇನೆ.

ವಾರ್ಡ್ ಹುಡುಗಿ:
ಅಮ್ಮನದ್ದೂ ಸೇರಿಸಿ. ಮತ್ತೆ ‘ಕಸದವರು’ ಅಂತ ಶೀರ್ಷಿಕೆ ಕೊಡಬೇಡಿ ಅಂತ ಒಂದು ಸಾಲು ಹಾಕಿ.